ದೀಪ ಆರಿಸಿದ ಡ್ರೈವರಣ್ಣ

ಡ್ರೈವರಣ್ಣನ ಎರಡು ಕೈಗಳನ್ನು ನೋಡಿದರೆ ಒಬ್ಬನೇ ಮನುಷ್ಯನವು ಅನ್ನಿಸುತ್ತಿರಲಿಲ್ಲ. ವ್ಯಾನಿನ ಕಿಟಕಿಯ ಮೇಲೆ ಊರಿ ಊರಿ, ವರ್ಷಗಟ್ಟಲೆ ಬಿಸಿಲು ಉಂಡ ಬಲಗೈ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಗೇರಿನ ಮೇಲಿರುತ್ತಿದ್ದ ಎಡಗೈ ಮಾತ್ರ ಗೋಧಿ ಬಣ್ಣದಲ್ಲೇ ಉಳಿದಿತ್ತು. ಆ ಎಡಗೈಯ ಮಣಿಕಟ್ಟಿನ ಹತ್ತಿರ, ಬಿಸಿ ಸೈಲೆನ್ಸರ್ ಪೈಪು ತಾಗಿ ಆಗಿದ್ದ ಒಂದು ಉದ್ದನೆಯ ಕಲೆ. ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟು ಮದುವೆ ಮನೆಗೆ ಹೊರಟಾಗಲೂ ಉಗುರಿನ ಸಂದಿಯಲ್ಲಿ ಕಪ್ಪು ಗೆರೆ ಇದ್ದೇ ಇರುತ್ತಿತ್ತು. "ಎಷ್ಟ್ ಉಜ್ಜುದ್ರೂ ಓಗಲ್ಲ ಕಣಮ್ಮ, ಒಳಗಿಂದಾನೇ ಬರ್ತೈತೆ ಅಂತ ಕಾಣುತ್ತೆ" ಎಂದು ನಗುತ್ತಿದ್ದರು.

ಸರ್ಜಾಪುರದ ಪಕ್ಕದ ಒಂದು ಹಳ್ಳಿ ಅವರದು. ನಾವು ಬಾಡಿಗೆಗೆ ಬರುವ ಹೊತ್ತಿಗೆ ಅದರಲ್ಲಿ ಹಳ್ಳಿ ಎನ್ನುವಂಥದ್ದು ಏನೂ ಉಳಿದಿರಲಿಲ್ಲ. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಲೇಔಟ್ ಎದ್ದಿತ್ತು. ಅಣ್ಣತಮ್ಮಂದಿರು ಹಂಚಿಕೊಂಡ ಮೇಲೆ ಇವರ ಪಾಲಿಗೆ ಬಂದದ್ದು ಶೀಟಿನ ಒಂದು ಮನೆ, ಮುಂದೆ ಒಂದು ಹೊಂಗೆಮರ. ನಮ್ಮದು ಎದುರು ಮನೆ. ನನ್ನ ಗಂಡ ಜಿಗಣಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಘಟಕದಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುವ ಸಾಲಿನಲ್ಲಿದ್ದೆ. ಮೊದಲ ಶಿಫ್ಟಿನ ಹೆಂಗಸರನ್ನು ಕರೆದೊಯ್ದು ಮಧ್ಯಾಹ್ನ ವಾಪಸು ತರುವ ವ್ಯಾನಿಗೆ ಇವರೇ ಡ್ರೈವರ್. ವ್ಯಾನು ಇವರದಲ್ಲ, ಒಬ್ಬ ಟ್ರಾವೆಲ್ಸ್ ಮಾಲೀಕನದು. ನಾವೆಲ್ಲ ಅವರನ್ನು ಡ್ರೈವರಣ್ಣ ಎಂದೇ ಕರೆಯುತ್ತಿದ್ದೆವು, ಅವರ ಹೆಂಡತಿಯನ್ನು ಅತ್ತಿಗೆ ಎಂದು. ಅವರ ಒಬ್ಬಳೇ ಮಗಳು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು.

ಬೆಳಿಗ್ಗೆ ವ್ಯಾನು ಹೊರಡುವ ಮೊದಲು ಅವರದೊಂದು ಕ್ರಮ. ಕೀಯನ್ನು ಅರ್ಧಕ್ಕೆ ತಿರುಗಿಸಿ ಕೈ ತೆಗೆಯುತ್ತಿದ್ದರು. ಮೀಟರ್ ಬೋರ್ಡಿನಲ್ಲಿ ಕೆಂಪು, ಹಳದಿ ದೀಪಗಳೆಲ್ಲ ಹತ್ತಿಕೊಳ್ಳುತ್ತಿದ್ದವು. ಅವನ್ನೊಮ್ಮೆ ನೋಡಿ, ಆಮೇಲೆ ಎಂಜಿನ್ ಚಾಲೂ ಮಾಡಿ, ಎಲ್ಲವೂ ಆರಿದ ಮೇಲೆಯೇ ಗೇರು ಹಾಕುತ್ತಿದ್ದರು. ಎಷ್ಟೇ ತಡವಾಗಿದ್ದರೂ ಇದು ತಪ್ಪುತ್ತಿರಲಿಲ್ಲ. "ಹತ್ತಿ ಆರ್ಬೇಕು ಕಣ್ರಮ್ಮ. ಹತ್ತದೇ ಇದ್ರೂ ತಪ್ಪು, ಆರದೇ ಇದ್ರೂ ತಪ್ಪು" ಎನ್ನುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ರೇಣುಕಾ ಎಂಬ ಕೊಪ್ಪಳದ ಕಡೆಯ ಹುಡುಗಿ ಅಲ್ಲಿಂದಲೇ ಕೂಗುತ್ತಿದ್ದಳು: "ಅಣ್ಣಾರ, ದೀಪಾರಾಧನಿ ಮುಗೀತೇನ್ರೀ? ಪಂಚಿಂಗ್ ಟೈಮ್ ಆತ್ರೀ!" ಇಡೀ ವ್ಯಾನು ನಗುತ್ತಿತ್ತು. ಅವಳು ನಮ್ಮ ಹಿಂದಿನ ಬೀದಿಯಲ್ಲಿ ಇನ್ನೂ ಮೂವರು ಹುಡುಗಿಯರ ಜೊತೆ ಒಂದೇ ಕೋಣೆಯಲ್ಲಿದ್ದಳು. ಕೂತ ಐದು ನಿಮಿಷಕ್ಕೆ ನಿದ್ದೆ ಹೋಗುತ್ತಿದ್ದಳು. ಇಳಿಯುವಾಗ ಯಾರಾದರೂ ಅಲುಗಾಡಿಸಿ ಎಬ್ಬಿಸಬೇಕಿತ್ತು.

ಭಾನುವಾರ ಹೊಂಗೆಮರದ ಕೆಳಗೆ ಡ್ರೈವರಣ್ಣನ ಇನ್ನೊಂದು ಕೆಲಸ ನಡೆಯುತ್ತಿತ್ತು. ಈಗಿನ ಗಾಡಿಗಳಲ್ಲಿ ಸ್ಟಿಯರಿಂಗಿನ ಕೆಳಗೆ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚುವ, ಬೆಂಕಿಪೊಟ್ಟಣದಷ್ಟಿರುವ ಒಂದು ಸ್ಕ್ಯಾನರನ್ನು ಅವರು ಎಲೆಕ್ಟ್ರಾನಿಕ್ ಸಾಮಾನು ಮಾರುವ ಎಸ್.ಪಿ. ರೋಡಿನಿಂದ ತಂದಿಟ್ಟುಕೊಂಡಿದ್ದರು. ಎಂಜಿನ್ ಕಂಪ್ಯೂಟರಿಗೆ ಯಾವ ಸೆನ್ಸರಿನ ಮಾತು ಸರಿಯಾಗಿ ಕೇಳಿಸುತ್ತಿಲ್ಲವೋ ಅದರ ಕೋಡು ಫೋನಿನ ಮೇಲೆ ಬರುತ್ತಿತ್ತು. ಬೀದಿಯ ಹಳೇ ಕಾರು, ಕ್ಯಾಬು, ಸಣ್ಣ ಗೂಡ್ಸ್ ಗಾಡಿ ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಬಾನೆಟ್ಟಿನೊಳಗೆ ತಲೆ ಹಾಕಿದರೆ ಅತ್ತಿಗೆ ಕಾಫಿ ತಂದಿಟ್ಟು, ಅದು ಆರಿ, ಮತ್ತೆ ಬಿಸಿ ಮಾಡಿ ತಂದಿಟ್ಟರೂ ಅವರಿಗೆ ತಿಳಿಯುತ್ತಿರಲಿಲ್ಲ.

ಫೋನಿನ ಮೇಲೆ ಬರುವ ಇಂಗ್ಲಿಷನ್ನು ಓದಲು ಕೆಲವೊಮ್ಮೆ ನನ್ನನ್ನು ಕರೆಯುತ್ತಿದ್ದರು. ಒಂದು ಸಲ ಕೇಳಿದರು, "ಇಂಟರ್ಮಿಟೆಂಟ್ ಅಂತ ಐತಲ್ಲ, ಅಂಗಂದ್ರೇನಮ್ಮ?"

"ಬಿಟ್ಟು ಬಿಟ್ಟು ಬರೋದು ಅಂತ ಅಣ್ಣ. ಒಂದ್ಸಲ ಇರುತ್ತೆ, ಒಂದ್ಸಲ ಇರಲ್ಲ."

"ಓ, ಕಳ್ಳ ಜ್ವರ!" ಎಂದರು. ಅಂದಿನಿಂದ ಆ ಪದಕ್ಕೆ ನಮ್ಮಿಬ್ಬರ ನಡುವೆ ಅದೇ ಕನ್ನಡವಾಯಿತು.

ಮೂಲೆಯಂಗಡಿಯ ಟೈಲರ್ ತನ್ನ ಕಾರಿನ ಹಳದಿ ದೀಪ ಆರುತ್ತಿಲ್ಲವೆಂದು ಬಂದಾಗ ಕೋಡು ಆಕ್ಸಿಜನ್ ಸೆನ್ಸರ್ ಕಡೆ ಕೈ ತೋರಿಸಿತು. ಹೊಸ ಸೆನ್ಸರ್ ಹಾಕಿಸಿಬಿಡುತ್ತೇನೆ ಎಂದು ಟೈಲರ್ ಎದ್ದ. ಡ್ರೈವರಣ್ಣ ಅವನನ್ನು ಕೂರಿಸಿ, ಸೋಪಿನ ನೀರನ್ನು ಹೊಗೆ ಪೈಪಿನ ಜೋಡಣೆಯ ಮೇಲೆ ಚಿಮುಕಿಸಿ ಎಂಜಿನ್ ಚಾಲೂ ಮಾಡಿಸಿದರು. ಜೋಡಣೆಯಲ್ಲಿ ಗುಳ್ಳೆ ಎದ್ದಿತು. ಪೈಪೇ ಅಲ್ಲಿ ಬಿರುಕು ಬಿಟ್ಟಿತ್ತು. ಅಲ್ಲಿಂದ ನುಗ್ಗಿದ ಗಾಳಿ ಸೆನ್ಸರಿನ ಲೆಕ್ಕ ತಪ್ಪಿಸುತ್ತಿತ್ತು. "ಕೋಡು ಅಂದ್ರೆ ಮಗು ಒಟ್ಟೆ ಮುಟ್ಕೊಂಡು ಅಳ್ತದಲ್ಲ, ಅಷ್ಟೇಯ. ಯಾಕ್ ನೋವು ಅಂತ ನಾವ್ ಉಡುಕ್ಬೇಕು" ಎಂದು ಅವನಿಗೆ ಹೇಳಿದ್ದರು. ಫೋನಿನಿಂದ ಕೋಡು ಅಳಿಸಿದರೆ ದೀಪವೇನೋ ಆರುತ್ತಿತ್ತು, ಆದರೆ ಹುಡುಕುವ ಮೊದಲು ಅಳಿಸುವುದು ಅವರಿಗೆ ಆಗಿಬರುತ್ತಲೇ ಇರಲಿಲ್ಲ.

ಇಂಥ ಮನುಷ್ಯ ಒಂದು ಸಲ ಅಳಿಸಿದರು.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾವು ವಾಪಸು ಬರುವಾಗ ಚಂದಾಪುರದ ಸಿಗ್ನಲ್ಲಿನಲ್ಲಿ ವ್ಯಾನು ತಾನಾಗಿಯೇ ನಿಂತುಹೋಯಿತು. ಹಳದಿ ದೀಪ ಹತ್ತಿತ್ತು. ಎಷ್ಟು ಸಲ ಕೀ ತಿರುಗಿಸಿದರೂ ಚಾಲೂ ಆಗಲಿಲ್ಲ. ಎಂಜಿನ್ ಸ್ವಲ್ಪ ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಮನೆ ಮುಟ್ಟಿದ ಕೂಡಲೇ ಸ್ಕ್ಯಾನರ್ ಚುಚ್ಚಿದರು. ಕ್ರ್ಯಾಂಕ್ ಸೆನ್ಸರಿನ ಕೋಡು. ನಾನು ಪಕ್ಕದಲ್ಲೇ ನಿಂತಿದ್ದೆ. ಓದಿ ಹೇಳಿದಾಗ ಅವರ ಮುಖ ಬದಲಾಯಿತು.

"ಎಂಜಿನ್ ಎಂಗ್ ತಿರುಗ್ತೈತೆ ಅಂತ ಕಂಪ್ಯೂಟರ್‌ಗೆ ಯೋಳೋದು ಇದೇ ಕಣಮ್ಮ. ಇದ್ರ ಮಾತು ನಿಂತ್ರೆ ಅದು ಡೀಸೆಲ್ ಬಿಡಕಿಲ್ಲ. ಎಲ್ಲಿದ್ರೆ ಅಲ್ಲೇ ಆಫ್."

"ಸೆನ್ಸರ್ ಹೋಗಿದ್ಯಾ ಅಣ್ಣ?"

"ಸೆನ್ಸರ್ರೋ, ವೈರೋ, ಯಾವ್ದಂತ ಯೋಳ್ಲಿ? ಬಿಸೀಲಿ ಮಾತ್ರ ಬತ್ತೈತೆ. ಕಳ್ಳ ಜ್ವರ. ಗಾಡಿ ಒಂದಿನ ನಿಲ್ಸಿ ಬಿಚ್ಚಿ ನೋಡ್ಬೇಕು."

ಕೈಗೆ ಗ್ರೀಸ್ ಆಗಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಮಾಲೀಕನಿಗೆ ಕರೆ ಮಾಡಿದರು. ಮಾಲೀಕನ ಮಾತು ನನಗೂ ಕೇಳಿಸಿತು. "ಕಂಪನೀಲಿ ಈ ವಾರ ಆಡಿಟ್ ಕಣಯ್ಯಾ, ಒಂದು ಟ್ರಿಪ್ ತಪ್ಪಿದ್ರೂ ಕಾಂಟ್ರಾಕ್ಟ್ ಹೋಗುತ್ತೆ. ನಿನ್ ಹತ್ರ ಆ ಡಬ್ಬಿ ಇದ್ಯಲ್ಲ, ಅಳ್ಸಾಕಿ ಓಡ್ಸು. ಲೈಟ್ ಆರುದ್ರೆ ಸಾಕು."

"ಸಾ, ರೋಡ್ ಮಧ್ಯ ನಿಂತ್ರೆ ಏನ್ ಮಾಡ್ಲಿ? ಎಣ್ಣುಮಕ್ಳವ್ರೆ ಸಾ."

"ಮುಂದಿನ ವಾರ ಗ್ಯಾರೇಜ್‌ಗೆ ಬಿಡೋಣ. ನಿನ್ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಹೇಳು, ಬೆಳಿಗ್ಗೆಗೆ ಬೇರೆ ಡ್ರೈವರ್ ಬರ್ತಾನೆ. ಅವನೂ ಅಳ್ಸೇ ಓಡಿಸ್ತಾನೆ."

ಫೋನು ಇಟ್ಟ ಮೇಲೆ ಅವರು ಎಂಜಿನ್ ತಣಿಯುವವರೆಗೆ ಕಾದು ಬಾನೆಟ್ ಎತ್ತಿದರು. ಸೆನ್ಸರಿನ ಕನೆಕ್ಟರ್ ಬಿಚ್ಚಿ ಒರೆಸಿದರು, ಕೈಗೆ ಸಿಕ್ಕಷ್ಟು ವೈರನ್ನು ಎಳೆದು ನೋಡಿದರು. ತಣ್ಣಗಿದ್ದ ಎಂಜಿನ್ನಿನಲ್ಲಿ ಏನೂ ಕಾಣಲಿಲ್ಲ. ಕಡೆಗೆ "ನಾನ್ ಬಿಟ್ರೂ ಇನ್ನೊಬ್ಬ ಓಡಿಸ್ತಾನೆ. ಅವ್ನಿಗೆ ಇದು ಗೊತ್ತೂ ಇರಲ್ಲ. ನಾನಾದ್ರೆ ನಿಧಾನುಕ್ಕೆ ಎಡಗಡೇಲೇ ಓಯ್ತೀನಿ" ಎಂದು ತಮಗೇ ಹೇಳಿಕೊಂಡಂತೆ ಹೇಳಿ, ಫೋನಿನ ಮೇಲೆ ಬೆರಳೊತ್ತಿದರು. ಹಳದಿ ದೀಪ ಆರಿತು.

ಆಮೇಲಿನ ದಿನಗಳಲ್ಲಿ ವ್ಯಾನು ಸರಿಯಾಗಿಯೇ ಓಡಿತು. ಅವರು ಹೇಳಿದಂತೆ ಎಡಗಡೆಯೇ ಹೋಗುತ್ತಿದ್ದರು. ಆ ವಾರ ಮುಗಿಯುವ ಮೊದಲೇ ಒಂದು ಮಧ್ಯಾಹ್ನ ನಾವು ವಾಪಸು ಬರುವಾಗ ಎಡಗಡೆಯಲ್ಲಿ ರಸ್ತೆ ಅಗೆದಿದ್ದರು. ಪೊಲೀಸರು ಎಲ್ಲ ಗಾಡಿಗಳನ್ನೂ ಬಲಕ್ಕೆ ತಿರುಗಿಸಿದ್ದರು. ಹೊಸೂರು ರಸ್ತೆಯಲ್ಲಿ ಡಿವೈಡರಿನ ಪಕ್ಕದ ಲೇನಿನಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ, ಎಂಜಿನ್ ಸದ್ದು ಕತ್ತರಿಸಿದಂತೆ ನಿಂತಿತು. ವ್ಯಾನು ಒಂದಷ್ಟು ದೂರ ಉರುಳಿ ಸುಮ್ಮನಾಯಿತು. ಹಿಂದಿನಿಂದ ಹಾರ್ನುಗಳು ಶುರುವಾದವು. ಗಾಡಿಗಳು ಮೈ ಸವರಿಕೊಂಡು ಹೋಗುತ್ತಿದ್ದವು.

"ಇಳೀರಿ! ಎಲ್ರೂ ಇಳುದು ಮುಂದ್ಗಡೆಯಿಂದ ಬಂದು ಡಿವೈಡರ್ ಅತ್ತಿ!" ಎಂದು ಕೂಗುತ್ತ ಡ್ರೈವರಣ್ಣ ಆಗಲೇ ಕೆಳಗಿದ್ದರು. ನಮ್ಮ ಬಾಗಿಲು ಇದ್ದದ್ದು ಎಡಕ್ಕೆ, ಗಾಡಿಗಳು ನುಗ್ಗುವ ಕಡೆಗೆ. ನಾನು ಮೆಟ್ಟಿಲ ಮೇಲೆ ಹೆದರಿ ನಿಂತುಬಿಟ್ಟೆ. ಅವರು ನನ್ನ ಮಣಿಕಟ್ಟು ಹಿಡಿದು ಎಳೆದ ರಭಸಕ್ಕೆ ಬಳೆ ಒಡೆದು ಕೈಗೆ ಚುಚ್ಚಿತು. ನನ್ನನ್ನು ಮುಂದಕ್ಕೆ ತಳ್ಳಿ, ನನ್ನ ಹೆಗಲಿನ ಕೆಂಪು ವೇಲನ್ನು ಕಿತ್ತುಕೊಂಡು, ಬೀಸುತ್ತ ಬೀಸುತ್ತ ಹಿಂದಕ್ಕೆ ಓಡಿದರು. ಬರುವ ಗಾಡಿಗಳಿಗೆ ಎದುರಾಗಿ, ಎರಡೂ ಕೈ ಅಗಲಿಸಿಕೊಂಡು.

ಕೆಲವು ಗಾಡಿಗಳು ಅವರನ್ನು ನೋಡಿ ಸರಿದುಹೋದವು. ಕಬ್ಬಿಣದ ಸರಳು ತುಂಬಿದ್ದ ಒಂದು ಲಾರಿಗೆ ಆಗಲಿಲ್ಲ. ಅದು ಬ್ರೇಕು ಹಾಕಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಡ್ರೈವರಣ್ಣನ ಸೊಂಟಕ್ಕೆ ತಾಗಿ ಅವರನ್ನು ಡಿವೈಡರಿನ ಮೇಲೆ ಎಸೆದು, ಲಾರಿ ವ್ಯಾನಿನ ಹಿಂಬದಿಗೆ ನುಗ್ಗಿತು. ನಾವೆಲ್ಲ ಇಳಿದಿದ್ದೆವು. ರೇಣುಕಾ ಮಾತ್ರ ಕೊನೆಯ ಸಾಲಿನಲ್ಲಿ ಆಗತಾನೆ ನಿದ್ದೆಯಿಂದ ಎದ್ದು, ಚಪ್ಪಲಿ ಹುಡುಕಲು ಬಗ್ಗಿದ್ದಳಂತೆ. ಅವಳ ಮುಂದಿನ ಸೀಟಿನವಳು ಹಾಗೆಂದು ಹೇಳಿದಳು.

ಆಸ್ಪತ್ರೆಯಲ್ಲಿ ಡ್ರೈವರಣ್ಣನಿಗೆ ಪ್ರಜ್ಞೆ ಬಂದ ಮೇಲೆ ಮಾಲೀಕ ತನ್ನ ಇಬ್ಬರು ಜನರನ್ನು ಕರೆದುಕೊಂಡು ಬಂದ. ಹಣ್ಣಿನ ಚೀಲವೂ ಇತ್ತು. ಅತ್ತಿಗೆಯ ಜೊತೆ ನಾನೂ ಅಲ್ಲೇ ಇದ್ದೆ. ಅವನು ಗಟ್ಟಿಯಾಗೇನೂ ಮಾತನಾಡಲಿಲ್ಲ. "ಲಾರಿಯವ್ನ ಸ್ಪೀಡ್ ಜಾಸ್ತಿ ಇತ್ತು ಅಂತ ಆಗುತ್ತೆ. ಗಾಡಿ ಅವತ್ತೇ ಸಡನ್ನಾಗಿ ಕೆಟ್ಟೋಯ್ತು ಅನ್ನು, ಮುಗೀತು. ಅಳ್ಸಿದ್ದು ಯಾರಿಗ್ ಗೊತ್ತು? ನಿಂಗೇನೂ ಆಗಲ್ಲ, ನಾನ್ ನೋಡ್ಕೋತೀನಿ" ಎಂದ.

ಅವನು ಹೋದ ಮೇಲೆ ಅತ್ತಿಗೆ ಮಂಚದ ಕಬ್ಬಿಣ ಹಿಡಿದುಕೊಂಡು ಬೇಡಿದರು. "ಆವಪ್ಪ ಯೋಳ್ದಂಗೇ ಯೋಳ್ಬುಡು. ಸತ್ತೋಳು ಎದ್ದು ಬರ್ತಾಳಾ? ನಾನೂ ಮಗ್ಳೂ ಬೀದಿಗ್ ಬೀಳ್ತೀವಿ."

ಡ್ರೈವರಣ್ಣ ಸೂರು ನೋಡುತ್ತ ಮಲಗಿದ್ದರು. ಹೇಳಿಕೆ ಬರೆದುಕೊಳ್ಳಲು ಪೊಲೀಸಿನವರು ಬಂದಾಗ ಅವರಾಗಿಯೇ ಹೇಳಿದರು: "ದೀಪ ಮೊದ್ಲೇ ಅತ್ತಿತ್ತು ಸಾ. ಎಂಜಿನ್ ನಿಲ್ತದೆ ಅಂತ ನಂಗೊತ್ತಿತ್ತು. ಅಳ್ಸು ಅಂದಿದ್ದು ಓನರ್ರು. ಅಳ್ಸಿದ್ದು ನನ್ ಕೈ."

ನಾನೂ ಕೇಳಿದ್ದನ್ನು ಕೇಳಿದಂತೆ ಬರೆಸಿದೆ. ಕೋರ್ಟಿನಲ್ಲಿ ಮಾಲೀಕನ ವಕೀಲರು, ಫೋನಿನಲ್ಲಿ ಮಾತನಾಡಿದ್ದು ಇವರೇ ಎಂದು ನಿಮಗೆ ಹೇಗೆ ಗೊತ್ತು, ಮೊದಲು ಎಂದಾದರೂ ಇವರ ಜೊತೆ ಮಾತನಾಡಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ಮಾಲೀಕ ಬಿಡುಗಡೆಯಾದ. ಡ್ರೈವರಣ್ಣನಿಗೆ ಶಿಕ್ಷೆಯಾಯಿತು, ಲೈಸೆನ್ಸು ಹೋಯಿತು.

ಆ ವಿಚಾರಣೆಯ ದಿನಗಳಲ್ಲೇ ನಡೆದ ಒಂದು ಸಂಗತಿಯನ್ನು ನಾನು ಮರೆಯಲಾರೆ. ರೇಣುಕಾಳ ತಾಯಿ ಕೊಪ್ಪಳದಿಂದ ಬಂದಿದ್ದರು. ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಡ್ರೈವರಣ್ಣ ಊರುಗೋಲು ಹಿಡಿದು ಕೂತಿದ್ದಾಗ ಆಕೆ ನೇರವಾಗಿ ಬಂದು ಎದುರಿಗೆ ನಿಂತರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡು ನಾನು ಎದ್ದೆ. ಆಕೆ ಕೇಳಿದ್ದು ಇಷ್ಟೇ: "ನನ್ನ ಮಗಳು ಕಡೀಕ ಏನರ ಅಂದಳೇನಪಾ?"

"ನಾನ್ ನೋಡ್ನಿಲ್ಲ ಕಣವ್ವ. ನಾನು ಲಾರಿ ಕಡೆ ಮುಕ ಮಾಡಿದ್ದೆ."

ಆಕೆ ಮತ್ತೆ ಕೇಳಿದರು: "ಗಾಡಿ ಕೆಟ್ಟೈತಿ ಅಂತ ನಿನಗ ಗೊತ್ತಿತ್ತೇನು?"

ಡ್ರೈವರಣ್ಣ ತಲೆ ತಗ್ಗಿಸಲಿಲ್ಲ. ಆಕೆಯ ಮುಖವನ್ನೇ ನೋಡುತ್ತ, "ಗೊತ್ತಿತ್ತು ಕಣವ್ವ" ಎಂದರು.

ಆಕೆ ಸೆರಗು ಸರಿಮಾಡಿಕೊಂಡು ತಿರುಗಿ ನಡೆದುಬಿಟ್ಟರು. ಕ್ಷಮಿಸಿದೆ ಎನ್ನಲಿಲ್ಲ, ಶಾಪವನ್ನೂ ಹಾಕಲಿಲ್ಲ. ಡ್ರೈವರಣ್ಣ ಊರುಗೋಲು ಊರಿ ಎದ್ದು, ಆಕೆ ಕಣ್ಮರೆಯಾಗುವವರೆಗೂ ನಿಂತೇ ಇದ್ದರು.

ಜೈಲಿನಿಂದ ಬಂದ ಮೇಲೆ ಅವರು ಬೇರೆಯೇ ಮನುಷ್ಯರಾಗಿದ್ದರು. ಸೊಂಟದ ಮೂಳೆ ಸರಿಯಾಗಿ ಕೂಡಿರಲಿಲ್ಲ, ಒಂದು ಕಾಲು ಎಳೆಯುತ್ತಿದ್ದರು. ಅತ್ತಿಗೆ ಒಂದು ಅಪಾರ್ಟ್‌ಮೆಂಟಿನಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಿದ್ದರು. ಇವರು ಹೊಂಗೆಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಮಾತು ಕಡಿಮೆಯಾಗಿತ್ತು, ನಗು ಪೂರ್ತಿ ನಿಂತಿತ್ತು. ಗಾಡಿಗಳು ಮಾತ್ರ ಮತ್ತೆ ಬರತೊಡಗಿದವು. ಆ ವ್ಯಾನನ್ನು ಗುಜರಿಗೆ ಕೊಂಡವನನ್ನು ಅವರು ಹುಡುಕಿಕೊಂಡು ಹೋಗಿ ಬಂದರೆಂದು ಆಮೇಲೆ ತಿಳಿಯಿತು. ಸೆನ್ಸರಿನಿಂದ ಬರುವ ವೈರು ಎಂಜಿನ್ನಿನ ಹಿಂದೆ ಒಂದು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ, ಒಳಗಿನ ತಾಮ್ರ ಕಾಣುತ್ತಿತ್ತಂತೆ. "ಒಂದ್ ಗೇಣು ವೈರು ಕಣಮ್ಮ" ಎಂದರು ನನ್ನ ಹತ್ತಿರ. "ಟೇಪ್ ಸುತ್ತಿದ್ರೆ ಆಗೋಗದು." ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಒಮ್ಮೆ ಒಬ್ಬ ಕ್ಯಾಬಿನ ಯುವಕ ಬಂದ. ಬ್ರೇಕಿಗೆ ಸಂಬಂಧಪಟ್ಟ ಸೆನ್ಸರಿನ ದೀಪ ಹತ್ತಿತ್ತು. ಮಾರನೆಯ ದಿನ ಆರ್.ಟಿ.ಓ. ಕಚೇರಿಯಲ್ಲಿ ಗಾಡಿ ತೋರಿಸಿ ಎಫ್.ಸಿ. ಮಾಡಿಸಬೇಕಿತ್ತು. "ಬರೀ ಅಳ್ಸಿಕೊಡಣ್ಣ ಸಾಕು" ಎಂದ. ಡ್ರೈವರಣ್ಣ ಆಗುವುದಿಲ್ಲ ಎಂದರು, ಚಕ್ರ ಬಿಚ್ಚಿ ನೋಡೋಣ ಎಂದರು. ಮಾತಿಗೆ ಮಾತು ಬೆಳೆಯಿತು. ಅವನಿಗೆ ಯಾರೋ ಹಳೆಯದನ್ನೆಲ್ಲ ಹೇಳಿದ್ದರೆಂದು ಕಾಣುತ್ತದೆ.

"ಹುಡುಗೀನ ಸಾಯ್ಸಿ ಜೈಲಿಗ್ ಹೋಗ್ಬಂದೋನು ನೀನು. ನಂಗ್ ಬುದ್ಧಿ ಹೇಳ್ತೀಯಾ?" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ.

ಡ್ರೈವರಣ್ಣ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದು ನಿಂತರು. "ಅದ್ಕೇ ಯೋಳ್ತಾ ಇವ್ನಿ ಕಣಪ್ಪ" ಎಂದರು.

ಅವನು ಬೈದುಕೊಂಡೇ ಗಾಡಿ ತೆಗೆದುಕೊಂಡು ಹೋದ. ಆಮೇಲೆ ಅವನೇನು ಮಾಡಿದನೋ ನಮಗೆ ತಿಳಿಯಲಿಲ್ಲ. ಡ್ರೈವರಣ್ಣ ಆ ದಿನ ಊಟ ಮಾಡಲಿಲ್ಲವೆಂದು ಅತ್ತಿಗೆ ಹೇಳಿದರು.

ನನ್ನ ಬದುಕೂ ಆ ಹೊಸೂರು ರಸ್ತೆಯಲ್ಲೇ ನಿಂತುಬಿಟ್ಟಿತ್ತು. ಅಪಘಾತದ ಮೇಲೆ ನಾನು ವ್ಯಾನು ಹತ್ತಲಾರದೆ ಕೆಲಸ ಬಿಟ್ಟಿದ್ದೆ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರೂ ವಾಪಸು ಇಳಿದುಬಿಡುತ್ತಿದ್ದೆ. ಇದನ್ನು ನೋಡಿದ ಡ್ರೈವರಣ್ಣ ಒಂದು ದಿನ ನನ್ನ ಗಂಡನನ್ನು ಕರೆದು, "ಇಂಗೇ ಬುಟ್ರೆ ಇವ್ಳು ಮನೇಲೇ ಕೊಳೀತಾಳೆ. ಸ್ಟಿಯರಿಂಗ್ ಇವ್ಳ ಕೈಗೇ ಕೊಡಾನ" ಎಂದರು. ಪರಿಚಯದವರ ಹಳೆಯ ಕಾರೊಂದನ್ನು ಕೇಳಿ ತಂದು, ಮನೆಗಳು ಇನ್ನೂ ಏಳದಿದ್ದ ಲೇಔಟಿನ ಖಾಲಿ ರಸ್ತೆಗಳಲ್ಲಿ ಲೈಸೆನ್ಸು ಇದ್ದ ನನ್ನ ಗಂಡನಿಂದಲೇ ನನಗೆ ಹೇಳಿಕೊಡಿಸಿದರು. ತಾವು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ಒಂದೊಂದನ್ನೇ ಹೇಳುತ್ತಿದ್ದರು. ನಾನು ಹೆದರಿದರೆ ಬೈಯುತ್ತಿರಲಿಲ್ಲ. "ನಿಲ್ಸು. ನೀರ್ ಕುಡಿ. ಆತ್ರ ಯಾರ್ಗೂ ಇಲ್ಲ" ಎನ್ನುತ್ತಿದ್ದರು. ಅದು ಮುಗಿದ ಮೇಲೆ ಬಾನೆಟ್ ತೆಗೆಸಿ, ಯಾವ ಸೆನ್ಸರ್ ಎಲ್ಲಿ ಕೂತಿರುತ್ತದೆ, ಅದರ ವೈರು ಎಲ್ಲೆಲ್ಲಿ ಹಾದುಹೋಗುತ್ತದೆ ಎಂದು ಬೆರಳಿಟ್ಟು ತೋರಿಸಿದರು. ಇವತ್ತು ನಾನು ಸರ್ಜಾಪುರದ ಸುತ್ತಲಿನ ಲೇಔಟುಗಳಿಂದ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವ್ಯಾನು ಓಡಿಸುತ್ತೇನೆ. ಈ ಬದುಕು ಅವರು ಕೊಟ್ಟದ್ದು.

ಅವರ ಸೊಂಟದ ಗಾಯ ಒಳಗೊಳಗೇ ಕೀವಾಗಿತ್ತು. ಜ್ವರ ಬಂದು ಬಂದು ಹೋಗುತ್ತಿದ್ದರೂ ಯಾರಿಗೂ ಹೇಳಲಿಲ್ಲ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಸೋಂಕು ರಕ್ತಕ್ಕೆ ಇಳಿದಿತ್ತು. ನಾನು ನೋಡಲು ಹೋದಾಗ ಅವರಿಗೆ ನನ್ನ ಗುರುತು ಹತ್ತಲಿಲ್ಲ. ರೇಣುಕಾ ಎಂದುಕೊಂಡರು. "ಎದ್ಯಾ ಮಗ? ಇಳಿ, ಇಳಿ, ಎಲ್ರೂ ಇಳುದ್ರು" ಎಂದು ನನ್ನ ಕೈ ಹಿಡಿದು ಎಳೆಯುತ್ತಲೇ ಇದ್ದರು. ಎಳೆಯುವ ಶಕ್ತಿ ಆ ಕೈಯಲ್ಲಿ ಉಳಿದಿರಲಿಲ್ಲ. "ಇಳಿದೆ ಅಣ್ಣ" ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ಮರುದಿನ ತೀರಿಕೊಂಡರು. ಮಣ್ಣಿಗೆ ಹತ್ತಾರು ಜನ ಬಂದಿದ್ದರು, ಹೆಚ್ಚಿನವರು ಡ್ರೈವರುಗಳೇ. ಅತ್ತಿಗೆ ಒಂದು ಹನಿ ಕಣ್ಣೀರು ಹಾಕದೆ ಗೋಡೆಗೊರಗಿ ಕೂತಿದ್ದರು. ಹನ್ನೊಂದನೆಯ ದಿನವೂ ಹಾಗೆಯೇ. ತಿಥಿಗೆ ಬಂದ ನೆಂಟರು ಅದನ್ನೂ ಆಡಿಕೊಂಡರು.

ಕಳೆದ ಪರೀಕ್ಷೆಯ ಸಮಯದಲ್ಲಿ, ಬೆಳಿಗ್ಗೆ ಮಕ್ಕಳನ್ನು ತುಂಬಿಕೊಂಡು ದೊಮ್ಮಸಂದ್ರದ ಕಡೆ ಹೋಗುತ್ತಿದ್ದಾಗ ನನ್ನ ವ್ಯಾನಿನ ಎಂಜಿನ್ ಒಮ್ಮೆ ಜಗ್ಗಿತು, ಹಳದಿ ದೀಪ ಹತ್ತಿತು. ಗಾಡಿ ಓಡುತ್ತಿತ್ತು. ಶಾಲೆ ಹೆಚ್ಚು ದೂರವಿರಲಿಲ್ಲ. ನಾನು ಎಡಕ್ಕೆ ತೆಗೆದು, ಒಂದು ಮುಚ್ಚಿದ ಅಂಗಡಿಯ ಮುಂದೆ ನಿಲ್ಲಿಸಿ, ಮಕ್ಕಳನ್ನೆಲ್ಲ ಇಳಿಸಿ ಜಗಲಿಯ ಮೇಲೆ ಕೂರಿಸಿದೆ. ತಂದೆತಾಯಂದಿರಿಗೆ ಫೋನು ಮಾಡಿದೆ. ಬೇರೆ ಗಾಡಿ ಬರುವಷ್ಟರಲ್ಲಿ ಪರೀಕ್ಷೆ ಶುರುವಾಗಿತ್ತು. ಒಬ್ಬ ತಾಯಿ ಸ್ಕೂಟರಿನಲ್ಲಿ ಬಂದವರೇ, "ಎಂಜಿನ್ ಓಡ್ತಾನೇ ಇದ್ಯಲ್ರೀ! ಒಂದು ಲೈಟ್ ಹತ್ತಿದ್ದಕ್ಕೆ ಮಕ್ಕಳ ಭವಿಷ್ಯ ಹಾಳು ಮಾಡ್ತೀರಾ?" ಎಂದು ನಡುರಸ್ತೆಯಲ್ಲಿ ಕೂಗಾಡಿದರು. ಮುಂದಿನ ತಿಂಗಳಿಂದ ನಮ್ಮ ಮಗು ನಿಮ್ಮ ವ್ಯಾನಿಗೆ ಬರುವುದಿಲ್ಲ ಎಂದರು. ಇನ್ನೂ ಕೆಲವರು ಹಾಗೆಯೇ ಬಿಟ್ಟರು.

ಸಂಜೆ ಮನೆಗೆ ಬಂದವಳು ಎದುರು ಮನೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತಿಗೆಯ ಪಕ್ಕ ಕುಸಿದು ಕೂತು ನಡೆದದ್ದನ್ನೆಲ್ಲ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡರು. ಮುಗಿದ ಮೇಲೆ, "ಮಕ್ಳೆಲ್ಲ ಮನೆ ಸೇರುದ್ವಾ?" ಎಂದು ಕೇಳಿದರು.

"ಎಲ್ಲಾ ಸೇರಿದ್ವು ಅತ್ತಿಗೆ."

ಅವರು ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗಂಡ ಸತ್ತ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.